ಹೆಸರು ಹೇಳದ ಸೊಪ್ಪು

ಮರುಳಯ್ಯ ಪಂಡಿತರು ಬಾಯಿಹುಣ್ಣಿಗೆ ಕೊಡುತ್ತಿದ್ದ ಸೊಪ್ಪಿನ ರಸ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರುವಾಸಿ. ಆದರೆ ಅದು ಯಾವ ಸೊಪ್ಪು ಎಂದು ಯಾರಿಗೂ ಗೊತ್ತಿರಲಿಲ್ಲ. ಅವರು ಒಳಮನೆಯ ಕದ ಹಾಕಿಕೊಂಡು ಅರೆಯುತ್ತಿದ್ದರು. "ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ" ಎಂದು ಅವರ ಗುರುಗಳು ಆಣೆ ಹಾಕಿಸಿಕೊಂಡಿದ್ದರು. ಮೂವತ್ತು ವರ್ಷ ಪಂಡಿತರು ಆ ಮಾತು ಮೀರಿರಲಿಲ್ಲ.

ಒಂದು ಬೇಸಿಗೆಯಲ್ಲಿ ದ್ಯಾಮವ್ವ ಎಂಬ ಮುದುಕಿ ಮೊಮ್ಮಗಳು ಸಣ್ಣೀರಿಗಾಗಿ ಆ ರಸ ಕೇಳಿಕೊಂಡು ಬಂದಳು. ತಾಯಿಯಿಲ್ಲದ ಮಗು. ಬಾಯೊಳಗೆಲ್ಲ ಹುಣ್ಣೆದ್ದು ಒಂದು ತುತ್ತೂ ನುಂಗಲಾರದೆ ಅಳುತ್ತಿತ್ತು. ರಸ ಅಂದಂದೇ ಅರೆದದ್ದಾಗಬೇಕು. ಹಾಗಾಗಿ ದ್ಯಾಮವ್ವ ದಿನಾ ಬೆಳಿಗ್ಗೆ ಒಂದು ಹರದಾರಿ ನಡೆದು ಬರುತ್ತಿದ್ದಳು. ಲೋಟಕ್ಕೆ ಸೆರಗು ಮುಚ್ಚಿಕೊಂಡು ಹುಷಾರಾಗಿ ಹಿಂತಿರುಗುತ್ತಿದ್ದಳು.

ನಾಲ್ಕನೆಯ ದಿನ ಅವಳು ಬರಲಿಲ್ಲ. ಬಿಸಿಲೇರಿದರೂ ಸುಳಿವಿಲ್ಲ. ಪಂಡಿತರಿಗೆ ಮನಸ್ಸು ತಡೆಯಲಿಲ್ಲ. ಅರೆದಿಟ್ಟ ರಸವನ್ನು ತಾವೇ ಹಿಡಿದುಕೊಂಡು ಹೊರಟರು.

ದ್ಯಾಮವ್ವ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದ ಊದಿಕೊಂಡಿತ್ತು.

"ನಿನ್ನೆ ವಾಪಸ್ ಬರೋವಾಗ ಹಳ್ಳದ ಹತ್ರ ಕಾಲು ಉಳುಕಿತು ಸ್ವಾಮಿ. ರಸ ಎಲ್ಲಾ ಚೆಲ್ಲಿಹೋಯ್ತು. ಕೂಸು ನೀರೂ ಒಲ್ಲೆ ಅಂತೈತೆ."

ಪಂಡಿತರು ಮಗುವಿಗೆ ರಸ ಕುಡಿಸಿ, ಕೈ ತೊಳೆಯಲು ಹಿತ್ತಿಲಿಗೆ ಹೋದರು. ಹೋದವರು ಅಲ್ಲೇ ನಿಂತುಬಿಟ್ಟರು. ಬಚ್ಚಲ ನೀರು ಹರಿಯುವ ಕಡೆ ಗಣಿಕೆ ಗಿಡ ಮೊಣಕಾಲೆತ್ತರ ಬೆಳೆದಿತ್ತು. ತಾವು ಕದ ಹಾಕಿಕೊಂಡು ಅರೆಯುತ್ತಿದ್ದದ್ದು ಅದನ್ನೇ.

ಗುರುಗಳ ಆಣೆ ನೆನಪಾಯಿತು. ನೋಡದವರಂತೆ ಹೋಗಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ಜಗಲಿಯಿಂದ ದ್ಯಾಮವ್ವ ಕೂಗಿ ಹೇಳಿದಳು: "ನಾಳೆ ತೆವಳಿಕೊಂಡಾದ್ರೂ ಬರ್ತೀನಿ ಸ್ವಾಮಿ, ಅರೆದಿಟ್ಟಿರಿ!"

ಪಂಡಿತರು ಒಂದು ಹಿಡಿ ಸೊಪ್ಪು ಕಿತ್ತು ತಂದು ಅವಳ ಮಡಿಲಿಗೆ ಹಾಕಿದರು.

"ಬರಬೇಡ ತಾಯಿ. ಮದ್ದು ಇದೇ."

"ಇದಾ? ಹುಡುಗ್ರು ಹಣ್ಣು ಕಿತ್ತು ತಿನ್ನೋ ಗಿಡ ಅಲ್ವಾ ಇದು!"

"ಹೂಂ, ಅದೇ. ಎಲೆ ಬೇಯಿಸಿ, ಚೂರು ಜೀರಿಗೆ ಹಾಕಿ ಅರೆದು, ಮಜ್ಜಿಗೆಯಲ್ಲಿ ಕದಡಿ ಕೊಡು. ಹಸಿರು ಕಾಯಿ ಮಾತ್ರ ಸೇರಿಸಬೇಡ. ಮೊದಲ ದಿನವೇ ಹೇಳಬೇಕಿತ್ತು. ನನ್ನಿಂದ ನಿನ್ನ ಕಾಲು ಹೀಗಾಯಿತು."

ದ್ಯಾಮವ್ವ ಬಯ್ಯಲಿಲ್ಲ. ಸೊಪ್ಪನ್ನೇ ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು: "ಹೆಸರು ಹೇಳಿದ್ರೆ ಗುಣ ಹೋಗುತ್ತೆ ಅಂತಾರಲ್ಲ ಸ್ವಾಮಿ?"

"ಹೋದರೆ ಬೇರೆ ಮದ್ದು ಹುಡುಕುತ್ತೇನೆ. ನಿನ್ನನ್ನು ಇನ್ನು ನಡೆಸಲಾರೆ."

ಗುಣ ಎಲ್ಲಿಗೂ ಹೋಗಲಿಲ್ಲ. ಒಂದು ವಾರ ಬಿಟ್ಟು ಪಂಡಿತರು ನೋಡಲು ಬಂದಾಗ ಸಣ್ಣೀರಿ ಅಜ್ಜಿಗೆ ಒರಗಿ ಕೂತು ರೊಟ್ಟಿ ಅಗಿಯುತ್ತಿದ್ದಳು. ಅವರನ್ನು ಕಂಡವಳೇ ರೊಟ್ಟಿ ಕೆಳಗಿಟ್ಟು, ಬಾಯಿ ಅಗಲಿಸಿ ತೋರಿಸಿದಳು. ಪಂಡಿತರು ಬಗ್ಗಿ ನೋಡಿದರು. ಒಂದು ಹುಣ್ಣೂ ಉಳಿದಿರಲಿಲ್ಲ. ಮಗುವಿನ ತಲೆ ನೇವರಿಸಿದರು.

ಅಂದಿನಿಂದ ಪಂಡಿತರ ಮನೆಯಲ್ಲಿ ಕದ ಹಾಕಿಕೊಂಡು ಮದ್ದು ಅರೆದದ್ದಿಲ್ಲ.

ನೀತಿ: ಇನ್ನೊಬ್ಬರ ನೋವು ಕಳೆಯುವ ತಿಳಿವಳಿಕೆಯನ್ನು ಬಚ್ಚಿಟ್ಟುಕೊಳ್ಳಬಾರದು. ಹೇಳಿಕೊಟ್ಟ ಮಾತ್ರಕ್ಕೆ ಅದರ ಗುಣ ಕುಂದುವುದಿಲ್ಲ.