ಪಕ್ಕೆಲುಬು ಕಾಣದ ಬೇಟೆನಾಯಿ

ಮುಧೋಳದ ಬೇಟೆನಾಯಿ ಓಡುವ ಜಾತಿ. ಹುಟ್ಟಿನಿಂದಲೇ ಸಣಕಲು. ತಮ್ಮ ಹೆಣ್ಣುನಾಯಿ ಸಂಜಿಯೂ ಹಾಗೆಯೇ ಎಂಬುದು ದೇಸಾಯರ ತಲೆಗೆ ಹೋಗಲಿಲ್ಲ.

"ನಮ್ಮ ಸಂಜಿ ಎಲುಬಿನ ಹಂದರ ಆಗ್ಯಾಳ. ಬರೂ ತಿಂಗಳು ಬೀಗರು ಬರ್ತಾರ. ಒಂದು ಪಕ್ಕೆಲುಬು ಕಂಡ್ರೂ ನಿನ್ನ ಕೆಲಸ ಹೋತು" ಎಂದು ನಾಯಿ ಸಾಕುವ ದ್ಯಾಮಣ್ಣನನ್ನು ಗದರಿಸಿದರು.

ಕೊಬ್ಬಿಸಿದರೆ ನಾಯಿ ಓಡುವುದಿಲ್ಲ. ಆದರೂ ದ್ಯಾಮಣ್ಣ "ಆತ್ರಿ ಧಣ್ಯಾರ" ಎಂದ. ಸಂಜಿ ಬಸುರಿ ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು.

ಬೀಗರು ಬಂದ ದಿನ ಸಂಜಿ ಗೋಣಿತಾಟಿನ ಮೇಲೆ ಮಲಗಿತ್ತು. ಮರಿಗಳು ಕೆಲವು ಒತ್ತಾಗಿ ಹಾಲು ಕುಡಿಯುತ್ತಿದ್ದವು, ಕೆಲವು ಮೈಮೇಲೆ ಹತ್ತಿ ನಿದ್ದೆ ಹೋಗಿದ್ದವು. ಒಂದು ಎಲುಬೂ ಕಾಣಲಿಲ್ಲ.

"ಮರಿ ಕೆಳಗ ಎಲುಬು ಹಂಗ ಅದಾವಲ್ಲೋ?" ದೇಸಾಯರು ಪಿಸುಗುಟ್ಟಿದರು.

"ಸರಿಸಿ ನೋಡ್ರಿ ಧಣ್ಯಾರ."

ದೇಸಾಯರು ಕೈ ಚಾಚಿದರು. ಸಂಜಿ ಹಲ್ಲು ತೋರಿಸಿ ಗುರುಗುಟ್ಟಿತು. ಚಾಚಿದ ಕೈ ಮೀಸೆಗೆ ಹೋಯಿತು.

"ನೋಡ್ರಿ ಬೀಗರ," ಎಂದರು ದೇಸಾಯರು, "ಹೆಂಗ ಮೈ ತುಂಬಿಕೊಂಡಾಳ."