ಗಾಳಿ ಬಿದ್ದ ದಿನಗಳ ಚಾ

ಹಾಯಿ ಕಟ್ಟಿ ಸರಕು ಸಾಗಿಸುತ್ತಿದ್ದ ಕಾಲದ ಮಾತು. ಜಟ್ಟಪ್ಪ ತಾಂಡೇಲರು ನಮ್ಮ ಕರಾವಳಿಯ ದೊಡ್ಡ ಗುರು. ಅವರಿಗೆ ಆಶ್ರಮವಿರಲಿಲ್ಲ, ಮಚ್ವೆ ಎಂಬ ಒಂದು ಸರಕಿನ ಹಾಯಿಹಡಗು ಇತ್ತು. ತಾಂಡೇಲ ಎಂದರೆ ಹಡಗು ನಡೆಸುವ ಯಜಮಾನ. ಅವರ ಕೈಯಲ್ಲಿ ಪಳಗಿದವರು ಯಾವ ಬಂದರಿಗೆ ಹೋದರೂ ಎದೆಯುಬ್ಬಿಸಿ ಅವರ ಹೆಸರು ಹೇಳುತ್ತಿದ್ದರು. ಹೇಳಲಿ ಬಿಡಿ, ಹೇಳುವಂಥ ಹೆಸರೇ ಅದು.

ಅವರ ಕೊನೆಯ ಶಿಷ್ಯ ದೇವಿದಾಸ. ಗಾಳಿ, ನಕ್ಷತ್ರ, ನೀರಿನ ಸೆಳೆತ, ಎಲ್ಲವನ್ನೂ ಕಲಿತಿದ್ದ. ಹಂಚು ತುಂಬಿಕೊಂಡು ಹೊರಟ ಒಂದು ಪ್ರಯಾಣದಲ್ಲಿ ಗುರುಗಳು ಸುಕ್ಕಾಣಿಯನ್ನು ಅವನ ಕೈಗಿಟ್ಟರು.

“ಈ ಸಲ ಯಜಮಾನ ನೀನು. ನಾ ಬರೀ ಸಾಮಾನು. ಖಲಾಸಿಗಳು ನಿನ್ನ ಮಾತು ಕೇಳಿದ್ರೆ ಮಚ್ವೆ ನಿಂದು. ಕೇಳದಿದ್ರೆ ಮತ್ತೆ ಹಾಯಿ ಹೊಲಿತಾ ಕೂತ್ಕ.”

“ಕೇಳ್ಸೂದು ಹೆಂಗೆ?”

“ಅದು ನಂಗೆ ಕಲ್ಸೂಕೆ ಬರೂದಿಲ್ಲ ಮಾರಾಯ.”

ನಡುಸಮುದ್ರದಲ್ಲಿ ಗಾಳಿ ಬಿತ್ತು. ಹಾಯಿ ಜೋತುಬಿತ್ತು. ಇವತ್ತು ಏಳುತ್ತದೆ, ನಾಳೆ ಏಳುತ್ತದೆ ಎಂದು ಕಾದರು. ಏಳಲಿಲ್ಲ. ದೇವಿದಾಸ ಸಿಹಿನೀರಿನ ಪೀಪಾಯಿಯೊಳಗೆ ಇಣುಕಿ ನೋಡಿದವನು ತನ್ನ ಮೊದಲ ಅಪ್ಪಣೆ ಹೊರಡಿಸಿದ.

“ಇವತ್ತಿಂದ ಚಾ ಬಂದ್. ನೀರು ಉಳೀಬೇಕು.”

ಅನ್ನ ಬಿಡಿ ಎಂದಿದ್ದರೆ ಖಲಾಸಿಗಳು ಬಿಡುತ್ತಿದ್ದರೇನೋ. ದಿನವಿಡೀ ಉಪ್ಪುಗಾಳಿಗೆ ಮೈಯೊಡ್ಡಿದವನಿಗೆ ಬೆಲ್ಲ, ಶುಂಠಿ ಹಾಕಿದ ಒಂದು ಲೋಟ ಬಿಸಿ ಚಾ ಎಂದರೆ ಮನೆಯ ಜಗಲಿಯ ಮೇಲೆ ಕೂತಷ್ಟು ಸುಖ. ದಡದ ಮೇಲೆ ಹೊತ್ತುಹೊತ್ತಿಗೆ ಕುಡಿಯುವವರಿಗೆ ಇದು ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ಎಲ್ಲರೂ ಒಲೆಯ ಸುತ್ತ ಕೂರುತ್ತಿದ್ದರು. ಮನೆಯವರನ್ನು ಬೈಯುತ್ತಿದ್ದರು, ಬೈಯುತ್ತಲೇ ನೆನೆಯುತ್ತಿದ್ದರು.

ಚಾ ನಿಂತ ಮೇಲೆ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದರು. ಮಾತು ನಿಂತಿತು.

ವಿಚಿತ್ರವೆಂದರೆ, ನೀರು ಮೊದಲಿಗಿಂತ ಬೇಗ ಇಳಿಯತೊಡಗಿತು.

ಒಂದು ಬೆಳಿಗ್ಗೆ ದೇವಿದಾಸ ಗುರುಗಳ ಬಳಿ ಬಂದ. ಸಿಟ್ಟು ತಲೆಗೇರಿತ್ತು.

“ಯಾರೋ ನೀರು ಕದ್ದು ಕುಡೀತಿದ್ದಾರೆ. ಹೊನ್ನನ ಮೇಲೆ ನಂಗೆ ಅನುಮಾನ. ಪೀಪಾಯಿ ಹತ್ರ ಅವನ ಹೆಗಲ ಮೇಲಿನ ಪಂಜಿ ಒದ್ದೆಯಾಗಿ ಸಿಕ್ತು. ಎಲ್ಲರೆದುರು ನಿಲ್ಸಿ ಕೇಳ್ತೆ.”

ಹೊನ್ನ ಆ ಮಚ್ವೆಯ ಹಳೆಯ ಖಲಾಸಿ. ಅವನಿಗಿಂತ ಹಳಬರೆಂದರೆ ಜಟ್ಟಪ್ಪನವರೊಬ್ಬರೇ.

“ಕೇಳು,” ಎಂದರು ಗುರುಗಳು. “ಮೊದ್ಲು ಚಾ ಇಡು.”

“ಇರೂದೇ ಇಷ್ಟು ನೀರು!”

“ಕಂಡಿದ್ದೆ.”

“ಗಾಳಿ ಏಳದಿದ್ರೆ ಸಾಯ್ತೇವೆ.”

“ಹೌದು. ಶುಂಠಿ ಸ್ವಲ್ಪ ಜಾಸ್ತಿ ಹಾಕು. ಹಂಚೂಕೆ ಹೊನ್ನಂಗೆ ಹೇಳು.”

ದೇವಿದಾಸನಿಗೆ ಗುರುಗಳ ತಲೆ ಕೆಟ್ಟಿದೆ ಎನಿಸಿತು. ಆದರೂ ಒಲೆ ಹಚ್ಚಿದ. ಶುಂಠಿಯ ಪರಿಮಳ ಎದ್ದದ್ದೇ ತಡ, ಮೂಲೆ ಮೂಲೆಯಿಂದ ಖಲಾಸಿಗಳು ಬಂದು ಒಲೆಯ ಸುತ್ತ ಕೂತರು. ಯಾರೂ ಕರೆದಿರಲಿಲ್ಲ.

“ಹೊನ್ನಣ್ಣ, ನೀ ಹಂಚು,” ಎಂದ ದೇವಿದಾಸ. ಸೌಟನ್ನು ಅವನತ್ತ ಚಾಚಿದ.

ಹೊನ್ನ ಒಂದು ಕ್ಷಣ ಅವನ ಮುಖ ನೋಡಿದ. ಆಮೇಲೆ ಸೌಟು ಹಿಡಿದ. ಎಲ್ಲರ ಕಣ್ಣೂ ಸೌಟಿನ ಮೇಲೆ. ಒಂದು ಲೋಟಕ್ಕೆ ಹೆಚ್ಚಿಲ್ಲ, ಇನ್ನೊಂದಕ್ಕೆ ಕಡಿಮೆಯಿಲ್ಲ. ಕಡೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನೂ ಚಿಕ್ಕಪ್ರಾಯದವನೊಬ್ಬನ ಲೋಟಕ್ಕೆ ಬಗ್ಗಿಸಿದ.

“ನಿಂಗೆ?” ಎಂದು ಯಾರೋ ಕೇಳಿದರು.

ಹೊನ್ನ ಪಾತ್ರೆ ಕೆಳಗಿಟ್ಟ.

“ನಂಗೆ ಬೇಡ. ನನ್ನ ಪಾಲಿನ ನೀರು ನಾ ಕದ್ದು ಕುಡದಾಯ್ತು.”

ಎಲ್ಲರೂ ದೇವಿದಾಸನತ್ತ ನೋಡಿದರು.

ಕೇಳಬೇಕೆಂದಿದ್ದ ಪ್ರಶ್ನೆಗೆ ಕೇಳದೆಯೇ ಉತ್ತರ ಬಂದಿತ್ತು. ಇನ್ನು ಬೈಯಬಹುದಿತ್ತು. ಅವನಿಗೆ ಬೈಯುವ ಮನಸ್ಸೇ ಬರಲಿಲ್ಲ. ಎದ್ದು ಹೋಗಿ, ಹೊನ್ನನ ಖಾಲಿ ಲೋಟಕ್ಕೆ ತನ್ನ ಚಾದಲ್ಲಿ ಅರ್ಧ ಸುರಿದ. ಅವನ ಪಕ್ಕದಲ್ಲೇ ಕೂತ.

“ನಾಳೆಯಿಂದ ದಿನಕ್ಕೊಂದು ಚಾ,” ಎಂದ. “ಹೊನ್ನಣ್ಣನೇ ಹಂಚ್ತಾನೆ. ಪೀಪಾಯಿಯೂ ಅವನ ಸುಪರ್ದಿಗೆ.”

ಹೊನ್ನ ಲೋಟ ಎತ್ತಿ ಕುಡಿದ. ಚಾ ಬಿಸಿಯಿತ್ತೋ, ಬೇರೆ ಏನೋ, ಅವನ ಕಣ್ಣು ತುಂಬಿತ್ತು. ದೂರದಲ್ಲಿ ಹಗ್ಗದ ಸುರುಳಿಯ ಮೇಲೆ ಕೂತಿದ್ದ ಜಟ್ಟಪ್ಪನವರು ತಮ್ಮ ಲೋಟವನ್ನು ಸದ್ದು ಮಾಡುತ್ತ ಹೀರಿದರು. ಅವರ ಮುಖದಲ್ಲಿ ಅಂಥ ಹೆಮ್ಮೆಯನ್ನು ಖಲಾಸಿಗಳು ಹಿಂದೆ ಕಂಡಿರಲಿಲ್ಲ.

ಆಮೇಲೆ ಪೀಪಾಯಿಯ ಹತ್ತಿರ ಯಾರೂ ಸುಳಿಯಲಿಲ್ಲ. ಇದ್ದ ನೀರು ಗಾಳಿ ಏಳುವ ತನಕ ಬಂತು. ಹಾಯಿ ತುಂಬಿತು. ದಡದ ಗುಡ್ಡ ಕಾಣಿಸಿತು.

ಸುಕ್ಕಾಣಿ ಹಿಡಿದಿದ್ದ ದೇವಿದಾಸ ಪಕ್ಕದಲ್ಲಿದ್ದ ಗುರುಗಳನ್ನು ಕೇಳಿದ. “ಕಳ್ಳ ಯಾರು ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?”

“ನನ್ನ ಮಚ್ವೆ ಮೇಲೆ ಕಳ್ಳ ಯಾವತ್ತೂ ಹತ್ತಿದ್ದಿಲ್ಲ. ಹೆದರಿದವ್ರು ಇದ್ರು.”

ದೇವಿದಾಸ ತುಂಬಿದ ಹಾಯಿಯತ್ತ ನೋಡಿದ.

“ನಾನೂ ಹೆದರಿದ್ದೆ.”

“ಅದಕ್ಕೇ ಒಲೆ ಹಚ್ಚೂಕೆ ನಿಂಗೆ ಹೇಳದ್ದು.”

ಅಷ್ಟರಲ್ಲಿ ಮುಂಭಾಗದಿಂದ ಹೊನ್ನನ ದೊಡ್ಡ ಗಂಟಲು ಕೇಳಿಸಿತು. “ತಾಂಡೇಲ್ರೇ! ಚಾ ಆರ್ತದೆ, ಬನ್ನಿ!”

ಜಟ್ಟಪ್ಪನವರು ಕೂತಲ್ಲಿಂದ ಏಳಲಿಲ್ಲ. ಸುಕ್ಕಾಣಿಗೆ ಕೈ ಚಾಚಿದರು.

“ಕೊಡು, ನಾ ಹಿಡ್ಕಂತೆ. ಹೋಗು ಮಾರಾಯ, ಅಂವ ಕರದದ್ದು ನಿನ್ನ.”