ಮನೆಗೆಂದು ತೆಗೆದಿಟ್ಟ ಎಣ್ಣೆ

"ಗುರುಗಳೇ, ಶುದ್ಧವಾದ ಆಹಾರವನ್ನು ಗುರುತಿಸುವುದು ಹೇಗೆ?"

ಕೇಳಿದವನು ಫಕೀರೇಶ. ಊರಿನ ವಿದ್ಯಾರ್ಥಿನಿಲಯದ ಅಡುಗೆಮನೆಯ ಉಸ್ತುವಾರಿ ಅವನದು. ಎಂಬತ್ತೆರಡು ಮಕ್ಕಳಿಗೆ ಬೆಳಿಗ್ಗೆ ತಿಂಡಿ, ಎರಡು ಹೊತ್ತು ಊಟ. ಈಚೆಗೆ ಅವನಿಗೆ ಸಹಜ ಆಹಾರದ ಹುರುಪು ಹಿಡಿದಿತ್ತು. ಸಕ್ಕರೆ ನಿಲ್ಲಿಸಿ ಬೆಲ್ಲ ತರಿಸಿದ್ದ. ವಾರಕ್ಕೆರಡು ದಿನ ನವಣೆ ಅನ್ನ ಮಾಡಿಸುತ್ತಿದ್ದ. ಅಂಗಳದಲ್ಲಿ ನುಗ್ಗೆ ನೆಡಿಸಿದ್ದ. ಬಂದವನು ಕೂರುವ ಮೊದಲೇ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದ.

"ಅಂಗಡಿಯಲ್ಲಿ ಪ್ರತಿ ಡಬ್ಬಿಯ ಮೇಲೂ ಶುದ್ಧ, ಸಹಜ ಎಂದೇ ಬರೆದಿರುತ್ತದೆ. ಯಾವುದನ್ನು ನಂಬಲಿ? ಏನಾದರೂ ಒಂದು ಗುರುತು ಹೇಳಿಕೊಡಿ."

ಗುರು ಅವನನ್ನು ಕೂರಿಸಿದರು. ಅವನ ಉಸಿರು ಹದಕ್ಕೆ ಬರುವವರೆಗೆ ಕಾದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನದು ಮರದ ಗಾಣ, ಎರಡು ಜೋಡಿ ಎತ್ತು. ಹೆಂಡತಿ ಶೇಂಗಾ ಕಾಳನ್ನು ಮೊರಕ್ಕೆ ಸುರಿದುಕೊಂಡು ಒಂದೊಂದನ್ನೂ ನೋಡಿ ಆರಿಸುವಳು. ಸುಕ್ಕಾದದ್ದು, ಕಪ್ಪಾದದ್ದು, ಹುಳ ಕೊರೆದದ್ದು ಹೊರಗೆ. ಉಳಿದದ್ದು ಗಾಣಕ್ಕೆ. ಅವನು ಎತ್ತು ಹೂಡಿ ಅರೆಯುವನು. ಎಣ್ಣೆ ಮೂರು ದಿನ ತಿಳಿಯಾಗಲು ಬಿಡುವನು. ಊರವರು ಪಾತ್ರೆ ಹಿಡಿದು ಬಂದು ಒಯ್ಯುವರು. ಅವನ ಎಣ್ಣೆಗೆ ಹೆಸರೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಒಂದು ದಿನ ಪಟ್ಟಣದಿಂದ ಒಬ್ಬ ವ್ಯಾಪಾರಿ ಬಂದ. ಗಾಣದ ಬಾಯಿಗೆ ಬೆರಳು ಒಡ್ಡಿ, ಇಳಿಯುತ್ತಿದ್ದ ಎಣ್ಣೆಯನ್ನು ನೆಕ್ಕಿದ. ಕಣ್ಣು ಮುಚ್ಚಿದ. ಮತ್ತೊಮ್ಮೆ ನೆಕ್ಕಿದ.

"ನಾನು ಹೊಸ ಅಂಗಡಿ ತೆರೆಯುತ್ತಿದ್ದೇನೆ," ಎಂದ. "ಕಾರ್ಖಾನೆಯ ಒಂದು ಪದಾರ್ಥವೂ ಅಲ್ಲಿ ಇರುವುದಿಲ್ಲ. ಎಲ್ಲ ಹೊಲದ್ದು, ಎಲ್ಲ ಕೈಯದ್ದು. ಬಾಗಿಲಲ್ಲೇ ನಿನ್ನ ಎಣ್ಣೆ ಇಡುತ್ತೇನೆ. ಇನ್ನು ಇಪ್ಪತ್ತೈದು ದಿನಕ್ಕೆ ಅಂಗಡಿ ತೆರೆಯುವುದು. ಹದಿನೆಂಟನೆಯ ದಿನ ಗಾಡಿ ತರುತ್ತೇನೆ. ಐದು ಲೀಟರಿನ ನಲವತ್ತು ಕ್ಯಾನು ಬೇಕು. ಆಗುತ್ತದೆಯೇ?"

ಗಾಣಿಗ ಆಗುತ್ತದೆ ಎಂದುಬಿಟ್ಟ. ಹೇಳಿದ ಮೇಲೆ ಲೆಕ್ಕ ಹಾಕಿದ. ಎತ್ತುಗಳಿಗೆ ಬಿಡುವು ಕೊಡದೆ ದುಡಿದರೆ ಆಗುತ್ತಿತ್ತು.

ಅವತ್ತಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾತನ ಕಾಲದಿಂದ ಓಣಿಯಲ್ಲೇ ಸುತ್ತಿದ ಗಾಣ ಈಗ ಪಟ್ಟಣದ ಬಾಗಿಲಿಗೆ ಹೋಗುತ್ತಿತ್ತು. ಓಣಿಯವರು ಸುದ್ದಿ ಕೇಳಿ ಬಂದರು. ಒಬ್ಬರು ಕ್ಯಾನು ತೊಳೆದುಕೊಟ್ಟರು. ಇನ್ನೊಬ್ಬರು ಸೋಸಲು ಬಟ್ಟೆ ಕೊಟ್ಟರು. ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳು ಕೂತಲ್ಲಿಂದಲೇ ಚೀಟಿಗಳನ್ನು ಅಂಟಿಸಿದಳು. ಪ್ರತಿ ಚೀಟಿಯ ಮೇಲೂ ವ್ಯಾಪಾರಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದ: ಪರಮ ಶುದ್ಧ.

ಮೊದಲ ಮೂರು ದಿನ ಎಲ್ಲ ಸರಿಯಾಗಿ ನಡೆಯಿತು. ನಾಲ್ಕನೆಯ ದಿನ ಮಧ್ಯಾಹ್ನ ಹೇಳದೆ ಕೇಳದೆ ಮಳೆ ಸುರಿಯಿತು. ಅಂಗಳದಲ್ಲಿ ರಾಶಿ ಹಾಕಿದ್ದ ಶೇಂಗಾ ತಾಡಪತ್ರಿ ಹೊದಿಸುವಷ್ಟರಲ್ಲಿ ನೆನೆಯಿತು. ಮುಂದಿನ ಎರಡು ದಿನ ಮೋಡ ಸರಿಯಲಿಲ್ಲ. ಬಿಸಿಲು ಬಂದಾಗ ಗಾಣಿಗ ಅದನ್ನು ಹರಡಿ ಒಣಗಿಸಿದ. ಮೇಲೆ ನೋಡಿದರೆ ಮೊದಲಿನಂತೆಯೇ ಕಾಣುತ್ತಿತ್ತು. ಹೆಂಡತಿ ಒಂದು ಹಿಡಿ ಸುಲಿದು ಅಂಗೈಯಲ್ಲಿ ಹಿಡಿದು ತಂದಳು. ಕೆಲವು ಕಾಳಿನ ಮೇಲೆ ಹಸಿರು ಬೂಷ್ಟು ಕೂತಿತ್ತು.

"ಇದನ್ನು ಆರಿಸಬೇಕು," ಎಂದಳು. "ಆರಿಸಿದರೆ ಅರ್ಧ ಹೋಗುತ್ತದೆ. ಹತ್ತು ದಿನ ಬೇಕು."

"ಹತ್ತು ದಿನ ಎಲ್ಲಿಂದ ತರಲಿ? ಎಲ್ಲೋ ನಾಲ್ಕು ಕಾಳು. ಅಷ್ಟು ಎಣ್ಣೆಯಲ್ಲಿ ಯಾವ ಲೆಕ್ಕ?"

ಮೊರ ಗೋಡೆಗೆ ಒರಗಿತು. ಗಾಣ ಸುತ್ತಿತು. ಬಂದ ಎಣ್ಣೆಯೆಲ್ಲ ಒಂದೇ ಪೀಪಾಯಿಗೆ ಬಿತ್ತು, ಮಳೆಗೆ ಮುಂಚಿನದೂ ಆಮೇಲಿನದೂ. ತಿಳಿಯಾದಾಗ ನೋಡಿದರೆ ಬಂಗಾರದ ಬಣ್ಣ. ಮೂಸಿದರೆ ಅದೇ ಘಮ. ಗಾಣಿಗನ ಎದೆ ಉಬ್ಬಿತು.

ಹದಿನೆಂಟನೆಯ ದಿನ ಬೆಳಿಗ್ಗೆ ವ್ಯಾಪಾರಿ ಟೆಂಪೊ ತಂದ. ಓಣಿಯೆಲ್ಲ ಕೈ ಹಚ್ಚಿತು. ನಲವತ್ತು ಕ್ಯಾನು ಸಾಲಾಗಿ ಏರಿದವು. ಯಾರೋ ಟೆಂಪೊ ಮುಂದೆ ತೆಂಗಿನಕಾಯಿ ಒಡೆದರು. ಗಾಡಿ ತಿರುವು ದಾಟುವವರೆಗೆ ಗಾಣಿಗ ರಸ್ತೆಯಲ್ಲೇ ನಿಂತಿದ್ದ. ಒಳಗೆ ಬಂದಾಗ ಹಬ್ಬದ ಮನೆಗೆ ಬಂದಂತಿತ್ತು.

ಮಗಳು ಹೇಳಿದಳು, "ಅಪ್ಪಾ, ಪಟ್ಟಣದವರು ತಿನ್ನುವ ಮೊದಲು ನಾನು ತಿನ್ನಬೇಕು. ಅದೇ ಎಣ್ಣೆಯಲ್ಲಿ ಮಿರ್ಚಿ ಭಜಿ ಕರಿದುಕೊಡಿ."

ಹೆಂಡತಿ ನಗುತ್ತ ಬಾಣಲೆ ಇಟ್ಟಳು. ಪೀಪಾಯಿಯ ತಳದಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಅವಳು ಅದರಲ್ಲಿ ಸೌಟು ಅದ್ದಿದಳು.

ಗಾಣಿಗ ಅವಳ ಕೈ ಹಿಡಿದ.

"ಅದು ಬೇಡ. ಮಾಡದಲ್ಲಿರುವ ಗಡಿಗೆಯದು ತಗೋ."

ಗೋಡೆಯ ಮಾಡದಲ್ಲಿ ಒಂದು ಗಡಿಗೆ ಇತ್ತು. ಬೂಷ್ಟು ಕಂಡ ದಿನ ಸಂಜೆ, ಮಳೆಗೆ ಮೊದಲೇ ಆರಿಸಿ ಅರೆದಿದ್ದ ಎಣ್ಣೆಯಲ್ಲಿ ಒಂದಿಷ್ಟನ್ನು ಅವನು ಅದಕ್ಕೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದ. ಬಾಣಂತಿಗೆ ಬೇಕಾಗುತ್ತದೆ, ಹುಟ್ಟುವ ಕೂಸಿಗೆ ಬೇಕಾಗುತ್ತದೆ ಎಂದುಕೊಂಡಿದ್ದ. ಅದರ ಆಚೆ ಏನನ್ನೂ ಯೋಚಿಸಿರಲಿಲ್ಲ.

"ಯಾಕೆ?" ಎಂದಳು ಹೆಂಡತಿ.

ಗಾಣಿಗನ ಕೈ ಅವಳ ಕೈಯ ಮೇಲೇ ಇತ್ತು. ಹೆಂಡತಿಯ ಮುಖದ ನಗು ನಿಧಾನವಾಗಿ ಇಳಿಯಿತು. ಮಗಳು ಇಬ್ಬರನ್ನೂ ನೋಡಿದಳು. ಬಾಣಲೆ ಬರಿದೇ ಕಾಯುತ್ತಿತ್ತು.

ತಾನು ಮೋಸಗಾರ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಆ ಹದಿನೆಂಟು ದಿನವೂ ಅನ್ನಿಸಿರಲಿಲ್ಲ. ಈಗ ತನ್ನ ಕೈಯೇ ತನ್ನ ಮೇಲೆ ಸಾಕ್ಷಿ ಹೇಳುತ್ತಿತ್ತು. ಬೂಷ್ಟಿನ ವಿಷ ಬೆಂಕಿಗೆ ಸಾಯುವುದಿಲ್ಲ ಎಂದು ಅಪ್ಪ ಹೇಳಿದ್ದು ಅವನಿಗೆ ಗೊತ್ತಿತ್ತು. ಅದು ಒಂದು ದಿನಕ್ಕೆ ಕೊಲ್ಲುವುದಿಲ್ಲ, ಮೆಲ್ಲಗೆ ಒಳಗೆ ಕೂತು ಕೆಡಿಸುತ್ತದೆ ಎಂಬುದೂ ಗೊತ್ತಿತ್ತು. ಗೊತ್ತಿದ್ದ ಕೈ ಮಗಳ ಪಾಲನ್ನು ಬೇರೆ ತೆಗೆದಿಟ್ಟಿತ್ತು. ಗೊತ್ತಿದ್ದ ಬಾಯಿ ಉಳಿದವರಿಗೆ ಯಾವ ಲೆಕ್ಕ ಎಂದಿತ್ತು.

ಅವನು ಚಪ್ಪಲಿಯನ್ನೂ ಮೆಟ್ಟಲಿಲ್ಲ. ಸೈಕಲ್ ಏರಿದ.

ಟೆಂಪೊ ಹೊರಟು ಅರ್ಧ ಗಂಟೆಯಾಗಿತ್ತು. ಆದರೆ ಪಟ್ಟಣದ ದಾರಿಯಲ್ಲಿ ಒಂದು ರೈಲ್ವೆ ಗೇಟು ಇತ್ತು, ಮತ್ತು ಆ ಹೊತ್ತಿಗೆ ಕಲ್ಲಿದ್ದಲಿನ ಗೂಡ್ಸು ಬರುತ್ತಿತ್ತು. ಗಾಣಿಗ ಅದೊಂದನ್ನೇ ನೆಚ್ಚಿ ಪೆಡಲು ತುಳಿದ. ಕೆರೆಯ ಏರಿ ಹತ್ತಿದ. ಇಳಿಜಾರಿನಲ್ಲಿ ಬ್ರೇಕು ಮುಟ್ಟಲಿಲ್ಲ. ಎದುರು ಬಂದವರು ಏನಾಯಿತು ಎಂದು ಕೂಗಿ ಕೇಳಿದರು. ಅವನಿಗೆ ಉತ್ತರಿಸಲು ಉಸಿರಿರಲಿಲ್ಲ. ದೂರದಲ್ಲಿ ಗೂಡ್ಸಿನ ಸದ್ದು ಕೇಳಿಸಿತು. ಅಷ್ಟು ಇಂಪಾದ ಸದ್ದನ್ನು ಅವನು ಎಂದೂ ಕೇಳಿರಲಿಲ್ಲ. ಗೇಟು ಕಣ್ಣಿಗೆ ಬಿದ್ದಾಗ ಕೊನೆಯ ಡಬ್ಬಿ ದಾಟುತ್ತಿತ್ತು. ಸಾಲಿನ ಮೊದಲಿಗೆ ಟೆಂಪೊ ನಿಂತಿತ್ತು. ಗೇಟಿನ ಕಂಬ ಮೇಲೇಳತೊಡಗಿತು. ಚಾಲಕ ಗಾಡಿ ಶುರು ಮಾಡಿದ. ಗಾಣಿಗ ಸಾಲು ದಾಟಿ ಹೋಗಿ ಸೈಕಲನ್ನು ಟೆಂಪೊದ ಮುಂದೆಯೇ ಕೆಡವಿದ.

ವ್ಯಾಪಾರಿ ಗಾಬರಿಯಿಂದ ಕೆಳಗಿಳಿದ. ಹಿಂದಿನ ಗಾಡಿಗಳು ಹಾರ್ನು ಹೊಡೆದವು. ಟೆಂಪೊವನ್ನು ಪಕ್ಕಕ್ಕೆ ಸರಿಸಿದರು. ಗಾಣಿಗ ನಡೆದದ್ದನ್ನೆಲ್ಲ ಹೇಳಿದ. ಮಳೆ, ಬೂಷ್ಟು, ಆರಿಸದೆ ಬಿಟ್ಟದ್ದು, ಗಡಿಗೆ. ಒಂದನ್ನೂ ಬಿಡಲಿಲ್ಲ.

ವ್ಯಾಪಾರಿ ಒಂದು ಕ್ಯಾನಿನ ಮುಚ್ಚಳ ತೆಗೆದು ಮೂಸಿದ. "ಏನೂ ಗೊತ್ತಾಗುವುದಿಲ್ಲ," ಎಂದ. "ಇದಕ್ಕೆ ಬೇರೆ ಎಣ್ಣೆ ಬೆರೆಸಿದ್ದೀಯಾ?"

"ಇಲ್ಲ."

"ರಾಸಾಯನಿಕ ಹಾಕಿದ್ದೀಯಾ?"

"ಇಲ್ಲ."

"ಮತ್ತೆ? ಇದು ಸಹಜವೇ ಅಲ್ಲವೇ? ಅಂಗಡಿ ತೆರೆಯಲು ಏಳು ದಿನ ಉಳಿದಿದೆ. ಊರಿಗೆಲ್ಲ ಹೇಳಿಯಾಗಿದೆ."

"ಬೂಷ್ಟೂ ಸಹಜವೇ ಸ್ವಾಮಿ. ಅದಕ್ಕೂ ಯಾರೂ ರಾಸಾಯನಿಕ ಹಾಕಿ ಬೆಳೆಸಿಲ್ಲ."

ವ್ಯಾಪಾರಿ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದ. ರಸ್ತೆಯನ್ನು ನೋಡಿದ, ಕ್ಯಾನುಗಳನ್ನು ನೋಡಿದ. "ಈ ಒಂದು ಸಲ ಹೋಗಲಿ. ಮುಂದಿನ ಸಲ ಆರಿಸಿ ಕೊಡು," ಎಂದ. ಗಾಡಿ ಏರಲು ಕಾಲಿಟ್ಟವನು ತಿರುಗಿ ಕೇಳಿದ. "ಆ ಗಡಿಗೆಯಲ್ಲಿ ಎಷ್ಟು ಎಣ್ಣೆ ಇದೆ? ನನ್ನ ತಾಯಿಗೆ ಈಗ ಮೈ ಸರಿಯಿಲ್ಲ. ನಮ್ಮ ಮನೆಗೆ ಅದರದ್ದೇ ಸ್ವಲ್ಪ ಕಳಿಸು."

ಗಾಣಿಗ ಅವನನ್ನೇ ನೋಡುತ್ತ ನಿಂತ.

ವ್ಯಾಪಾರಿಗೆ ತನ್ನ ಮಾತು ತನಗೇ ಕೇಳಿಸಿತು. ಅವನ ಮುಖ ಕೆಂಪಾಯಿತು. ಗಾಡಿಯ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟ. ಆಮೇಲೆ ಜೋರಾಗಿ ನಗತೊಡಗಿದ. ಗಾಣಿಗನಿಗೂ ನಗು ತಡೆಯಲಾಗಲಿಲ್ಲ. ಗೇಟಿನ ಬದಿಯಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕಂಡು ಚಾಲಕ ಕಂಗಾಲಾದ.

"ಗಾಡಿ ತಿರುಗಿಸು," ಎಂದ ವ್ಯಾಪಾರಿ.

ಟೆಂಪೊ ಮರಳಿ ಬಂದದ್ದು ಕಂಡು ಓಣಿಗೆ ಓಣಿಯೇ ಹೊರಬಂತು. ಗಾಣಿಗ ಎಲ್ಲರ ಎದುರು ಮತ್ತೊಮ್ಮೆ ಎಲ್ಲವನ್ನೂ ಹೇಳಿದ. ಕೆಲವರು ತಲೆ ತಗ್ಗಿಸಿದರು. ಒಬ್ಬ ಮುದುಕಿ ಮಾತ್ರ, "ಹೇಳಿಯಾಯಿತಲ್ಲ, ಇನ್ನು ಕೆಲಸ ಏನಿದೆ ಹೇಳು," ಎಂದು ಗದರಿದಳು.

ನಲವತ್ತು ಕ್ಯಾನಿನ ಎಣ್ಣೆಯನ್ನು ಇಟ್ಟಿಗೆ ಗೂಡಿನವರು ಉರಿಸಲು ಒಯ್ದರು. ಹಿಂಡಿಯನ್ನು ದನಕ್ಕೆ ಹಾಕಲಿಲ್ಲ, ಅದರ ವಿಷ ಹಾಲಿಗೆ ಇಳಿಯುತ್ತದೆ ಎಂದು ಗುಂಡಿ ತೋಡಿ ಹೂಳಿದರು. ಊರವರ ಮನೆಗಳ ಕಣಜದಿಂದ ಮಳೆ ಕಾಣದ ಶೇಂಗಾ ಹೊಸದಾಗಿ ಬಂತು. ಗಾಣಿಗನ ಹೆಂಡತಿ ಮೊರ ಎತ್ತಿಕೊಂಡಳು. ಅವಳ ಪಕ್ಕದಲ್ಲಿ ಮುದುಕಿ ಕೂತಳು. ಸಂಜೆಯ ಹೊತ್ತಿಗೆ ಹದಿನಾಲ್ಕು ಮೊರಗಳು ಅಂಗಳದಲ್ಲಿ ಕೂತಿದ್ದವು. ಒಬ್ಬಳು ಹಾಡು ಎತ್ತಿದಳು, ಉಳಿದವರು ಸೊಲ್ಲು ಸೇರಿಸಿದರು. ವ್ಯಾಪಾರಿ ಪಟ್ಟಣಕ್ಕೆ ಹೋಗಲಿಲ್ಲ. ಅವನೂ ಒಂದು ಮೊರದ ಮುಂದೆ ಕೂತ. ಅವನಿಗೆ ಮೊದಮೊದಲು ಒಳ್ಳೆಯ ಕಾಳೂ ಕೆಟ್ಟದ್ದೂ ಒಂದೇ ಬಗೆಯಾಗಿ ಕಂಡಿತು. ಹೆಂಗಸರು ನಕ್ಕು ಕಲಿಸಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣು ಪಳಗಿತ್ತು.

ನಾಲ್ಕು ದಿನ ಅರೆದು, ಮೂರು ದಿನ ತಿಳಿಯಾಗಲು ಬಿಟ್ಟಾಗ ಸಿಕ್ಕಿದ್ದು ಹತ್ತು ಕ್ಯಾನು. ಅಂಗಡಿ ತೆರೆಯುವ ದಿನ ಬೆಳಿಗ್ಗೆ ಗಾಣಿಗನ ಹೆಂಡತಿ ಅದರಲ್ಲೇ ಒಂದನ್ನು ತೆರೆದು ಬಾಣಲೆಗೆ ಸುರಿದಳು. ಮೊದಲ ಮಿರ್ಚಿ ಮಗಳಿಗೆ, ಎರಡನೆಯದು ವ್ಯಾಪಾರಿಗೆ. ಬಿಸಿ ತಾಳದೆ ಅವನು ಅದನ್ನು ಕೈಯಿಂದ ಕೈಗೆ ಹಾಕುತ್ತ ತಿಂದ. ಉಳಿದ ಒಂಬತ್ತು ಕ್ಯಾನು ಟೆಂಪೊ ಏರಿದವು. ಅವು ಪಟ್ಟಣದಲ್ಲಿ ಮಧ್ಯಾಹ್ನದೊಳಗೆ ಖಾಲಿಯಾದವು. ಬರಿಗೈಯಲ್ಲಿ ಹಿಂತಿರುಗಿದವರಿಗೆ ವ್ಯಾಪಾರಿ ಯಾಕೆ ಒಂಬತ್ತೇ ಎಂಬುದನ್ನು ಮುಚ್ಚಿಡದೆ ಹೇಳಿದ. ಹೇಳಿದಷ್ಟೂ ಜನ ನಿಂತು ಕೇಳಿದರು. ಅವತ್ತೇ ಸಂಜೆ ಗಾಣಿಗನ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿತು.

ಗುರು ಕತೆ ನಿಲ್ಲಿಸಿದರು.

ಫಕೀರೇಶನಿಗೆ ಕೂತಿರಲು ಆಗಲಿಲ್ಲ. ಕಣ್ಣು ಅರಳಿತ್ತು. "ತಿಳಿಯಿತು ಗುರುಗಳೇ. ಇಷ್ಟು ದಿನ ನಾನು ಡಬ್ಬಿಯ ಮೇಲಿನ ಬರಹ ಓದುತ್ತಿದ್ದೆ. ನಾಳೆಯಿಂದ ಅಕ್ಕಿ ತರುವವನನ್ನು, ಬೇಳೆ ತರುವವನನ್ನು, ಹಾಲು ಹಾಕುವವನನ್ನು, ಒಬ್ಬೊಬ್ಬನನ್ನೂ ನಿಲ್ಲಿಸಿ ಕೇಳುತ್ತೇನೆ. ಇದನ್ನು ನಿನ್ನ ಮನೆಯವರು ಉಣ್ಣುತ್ತಾರೆಯೇ ಎಂದು."

"ಕೇಳು," ಎಂದರು ಗುರು. "ಆ ಎಂಬತ್ತೆರಡು ಮಕ್ಕಳ ಪಂಕ್ತಿಯಲ್ಲಿ ನೀನು ಕೂತು ಉಂಡು ಎಷ್ಟು ದಿನವಾಯಿತು?"

ಫಕೀರೇಶ ನೇರ ವಿದ್ಯಾರ್ಥಿನಿಲಯದ ದಾರಿ ಹಿಡಿದ. ಅವತ್ತಿನ ರಾತ್ರಿಯೂಟಕ್ಕೆ ಮಕ್ಕಳ ಪಂಕ್ತಿಯ ಕೊನೆಯಲ್ಲಿ ಅವನ ತಟ್ಟೆಯೂ ಇತ್ತು.